ನಿಯೋಕ್ಲಾಸಿಕಲ್ ಅರ್ಥಶಾಸ್ತ್ರದ ಈ 'ಲೆಕ್ಕದ ಮನುಷ್ಯ' ಎಲ್ಲಿಂದ ಬಂದ?

ಎಂಎ ಮೊದಲ ವರ್ಷ
ಎಲ್ಲರಿಗೂ ನಮಸ್ಕಾರ. ಕೋಲಾರದ ಕಡೆಯವಳು, ಎಂಎ ಅರ್ಥಶಾಸ್ತ್ರ ಓದುತ್ತಿದ್ದೇನೆ. ಮೈಕ್ರೋ ಪೇಪರ್ ಪೂರ್ತಿ ಒಂದೇ ಕಥೆ. ಗ್ರಾಹಕ ತನ್ನ ತುಷ್ಟಿಗುಣ (ಅಂದ್ರೆ ವಸ್ತುವಿನಿಂದ ಸಿಗುವ ತೃಪ್ತಿ) ಗರಿಷ್ಠ ಮಾಡಿಕೊಳ್ಳುತ್ತಾನೆ, ಉತ್ಪಾದಕ ಲಾಭ ಗರಿಷ್ಠ ಮಾಡಿಕೊಳ್ಳುತ್ತಾನೆ, ಬೇಡಿಕೆ, ಪೂರೈಕೆಯ ಎರಡು ಗೆರೆ ಕೂಡಿದ ಕಡೆ ಬೆಲೆ. ಗೆರೆ ನೀಟಾಗಿ ಎಳೆದರೆ ಅಂಕ ಗ್ಯಾರಂಟಿ.

ನಮ್ಮದು ಟೊಮೆಟೊ ಬೆಳೆಯುವ ಮನೆ. ಅಪ್ಪನಿಗೆ ಆ ಚಿತ್ರ ತೋರಿಸಿದೆ. "ಇದರಲ್ಲಿ ಮಂಡಿಯವನು ಎಲ್ಲಿದ್ದಾನಮ್ಮ?" ಅಂದರು.

ನನಗೆ ಬೇಕಿರುವುದು ಪರೀಕ್ಷೆಯ ಉತ್ತರ ಅಲ್ಲ. ಮನುಷ್ಯ ಅಂದ್ರೆ ಹೊತ್ತು ಹೊತ್ತಿಗೂ ಸುಖ-ಕಷ್ಟ ತೂಗಿ ನೋಡುವವನು ಅಂತ ತೀರ್ಮಾನ ಮಾಡಿದ್ದು ಯಾರು? ಯಾವಾಗ? ಆಗ ಯಾರೂ ಬೇಡ ಅನ್ನಲಿಲ್ವಾ? ಪುಸ್ತಕದಲ್ಲಿ 'ಊಹೆಗಳು' ಅಂತ ನಾಲ್ಕು ಸಾಲು ಹಾಕಿ ಮುಂದಕ್ಕೆ ಹೋಗಿಬಿಡುತ್ತಾರೆ.

ಎಕ್ಸೆಲ್ ಅಣ್ಣ
ಆಡಮ್ ಸ್ಮಿತ್, 1776. ಕಟುಕ ತನ್ನ ಲಾಭ ನೋಡಿಕೊಳ್ಳುವುದರಿಂದಲೇ ನಮಗೆ ಊಟ. ಪ್ರಶ್ನೆ ಮುಗೀತು.

ನಿವೃತ್ತ ಮೇಷ್ಟ್ರು, ತುಮಕೂರು
ಎಲ್ಲಿ ಮುಗೀತಪ್ಪ? ಅದೇ ಸ್ಮಿತ್ 1759ರಲ್ಲಿ ನೈತಿಕ ಭಾವನೆಗಳ ಬಗ್ಗೆ ದಪ್ಪ ಪುಸ್ತಕ ಬರೆದಿದ್ದಾನೆ. ಮನುಷ್ಯ ಎಷ್ಟೇ ಸ್ವಾರ್ಥಿ ಆಗಿದ್ದರೂ ಇನ್ನೊಬ್ಬರ ಸುಖದುಃಖ ಅವನನ್ನು ತಟ್ಟುತ್ತದೆ ಅಂತಲೇ ಅದು ಶುರು ಆಗುವುದು. ಸ್ಮಿತ್ತೂ, 1817ರ ರಿಕಾರ್ಡೋನೂ ಹಳೇ ಕ್ಲಾಸಿಕಲ್ ಪಂಥ. ಅವರು ಕೇಳುತ್ತಿದ್ದ ಪ್ರಶ್ನೆಯೇ ಬೇರೆ. ಸಂಪತ್ತು ಹೇಗೆ ಬೆಳೆಯುತ್ತದೆ, ಭೂಮಾಲೀಕ, ಬಂಡವಾಳಗಾರ, ಕೂಲಿಯವರ ನಡುವೆ ಅದು ಹೇಗೆ ಹಂಚಿಕೆ ಆಗುತ್ತದೆ ಅಂತ. ಬೆಲೆಗೆ ಬುಡ ಶ್ರಮ ಮತ್ತು ಖರ್ಚು ಅಂತ ಅವರ ನಂಬಿಕೆ.

ನೀನು ಕೇಳುತ್ತಿರುವ ಲೆಕ್ಕದ ಮನುಷ್ಯ ನಿಜವಾಗಿ ಬಂದಿದ್ದು 1870ರ ದಶಕದಲ್ಲಿ, ಆಮೇಲೆ ನಿಯೋಕ್ಲಾಸಿಕಲ್ ಅನ್ನಿಸಿಕೊಂಡ ಹೊಸ ಪಂಥದ ಜೊತೆ. 1871ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪಾಠ ಮಾಡುತ್ತಿದ್ದ ಜೆವನ್ಸ್. ಅದೇ ವರ್ಷ ವಿಯೆನ್ನಾದ ಕಾರ್ಲ್ ಮೆಂಗರ್. 1874ರಲ್ಲಿ ಲೌಸಾನ್‌ನ ವಾಲ್ರಾ. ಒಬ್ಬರಿಗೆ ಇನ್ನೊಬ್ಬರ ಸುದ್ದಿ ಗೊತ್ತಿಲ್ಲ. ಮೂವರೂ ಹೇಳಿದ್ದು ಹತ್ತಿರ ಹತ್ತಿರ ಒಂದೇ: ವಸ್ತುವಿನ ಬೆಲೆ ಅದರ ಒಟ್ಟು ಉಪಯೋಗದಿಂದ ಬರುವುದಿಲ್ಲ, ಕೊನೆಗೆ ಸೇರುವ ಒಂದು ತುಣುಕಿನ ಉಪಯೋಗದಿಂದ ಬರುತ್ತದೆ. ಅದೇ ಸೀಮಾಂತ ತುಷ್ಟಿಗುಣ.

ತತ್ವದ ಬೇರು ಇನ್ನೂ ಹಿಂದೆ, ಇಂಗ್ಲೆಂಡಿನ ತತ್ವಜ್ಞಾನಿ ಬೆಂಥಾಮ್ ಹತ್ರ ಇದೆ. ಪ್ರಕೃತಿ ಮನುಷ್ಯನನ್ನು ನೋವು, ಸುಖ ಎಂಬ ಇಬ್ಬರು ಯಜಮಾನರ ಕೈಗೆ ಒಪ್ಪಿಸಿದೆ ಅಂತ 1789ರಲ್ಲಿ ಬರೆದ. ಅವನಿಗೆ ಅದು ಕಾನೂನು ಮಾಡುವವರಿಗೆ ಬೇಕಾದ ತತ್ವ. ಜೆವನ್ಸ್ ಅದನ್ನು ಎತ್ತಿಕೊಂಡು ಹೋಗಿ ಕ್ಯಾಲ್ಕುಲಸ್‌ಗೆ ಕಟ್ಟಿದ.

ಗೂಡು ಶಿಡ್ಲಘಟ್ಟ
ಮೇಷ್ಟ್ರು ಫಾರ್ಮ್‌ಗೆ ಬಂದ್ರು 😀

ಚಾಂಪಿಯನ್ ರೀಫ್ ಹುಡುಗ
ಮೇಷ್ಟ್ರೇ, ಇದಕ್ಕೆ ನಮ್ಮ ಕೆಜಿಎಫ್‌ಗಿಂತ ಒಳ್ಳೇ ಪಾಠ ಇಲ್ಲ. ಸ್ಮಿತ್ ತಲೆ ಕೆಡಿಸಿಕೊಂಡಿದ್ದು ನೀರು ಮತ್ತು ವಜ್ರದ ಬಗ್ಗೆ ಅಲ್ವಾ? ನೀರಿಲ್ಲದೆ ಬದುಕಿಲ್ಲ, ಅದು ಅಗ್ಗ. ವಜ್ರ ಯಾಕೂ ಬೇಡ, ಅದು ದುಬಾರಿ. ನಮ್ಮಲ್ಲಿ ನೆಲದ ಕೆಳಗೆ ಚಿನ್ನ, ನೆಲದ ಮೇಲೆ ಟ್ಯಾಂಕರ್ ಮುಂದೆ ಬಿಂದಿಗೆ ಸಾಲು. ಬೇಸಿಗೆಯಲ್ಲಿ ಕೊನೆಯ ಬಿಂದಿಗೆಗೆ ಆಗುವ ಜಗಳ ನೋಡಿದವರಿಗೆ ಸೀಮಾಂತ ಅಂದ್ರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಕೆರೆ ತುಂಬಿದ ವರ್ಷ ಅದೇ ಬಿಂದಿಗೆಗೆ ಯಾರೂ ತಿರುಗಿ ನೋಡಲ್ಲ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಚಿನ್ನ ಖಾಲಿ ಆಯ್ತು ಅಂತ ಹೊರಗಿನವರು ತಿಳ್ಕೊಂಡಿದ್ದಾರೆ. ಖಾಲಿ ಆಗಿರಲಿಲ್ಲ. ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದು ಒಂದು ಗ್ರಾಂ ತೆಗೆಯುವ ಖರ್ಚು ಆ ಗ್ರಾಂಗೆ ಸಿಗುವ ಬೆಲೆಗಿಂತ ಜಾಸ್ತಿ ಆಗಿತ್ತು. ಆಮೇಲೆ ಚಿನ್ನದ ರೇಟು ಏರಿತು. ಈಗ ನಾವು ಚಿಕ್ಕಂದಿನಲ್ಲಿ ಹತ್ತಿ ಜಾರುತ್ತಿದ್ದ ಸೈನೈಡ್ ಗುಡ್ಡದ (ಚಿನ್ನ ತೆಗೆದು ಉಳಿದ ಪುಡಿ ಸುರಿದ ರಾಶಿ) ಮಣ್ಣಿನಲ್ಲೇ ಚಿನ್ನ ತೆಗೆಯಬಹುದು ಅಂತ ಮಾತು. ಮಣ್ಣು ಅದೇ. ಬದಲಾಗಿದ್ದು ಬೆಲೆ.

ಜೆವನ್ಸ್ ಒಂದು ಕಡೆ ಹೇಳುತ್ತಾನೆ, ಒಮ್ಮೆ ಹಾಕಿದ ಶ್ರಮಕ್ಕೂ ಆ ವಸ್ತುವಿನ ಮುಂದಿನ ಬೆಲೆಗೂ ಸಂಬಂಧ ಇಲ್ಲ, ಅದು ಹೋದ ಹಾಗೇ ಅಂತ. ನಮ್ಮ ತಾತ ಗಣಿಯಲ್ಲಿದ್ದರು. ಈ ಸಾಲು ಓದಿದಾಗ ಸಿಟ್ಟೂ ಬಂತು, ತಪ್ಪು ಅಂತ ಹೇಳೋಕೂ ಆಗಲಿಲ್ಲ.

ಕೆಂಪು ಪೆನ್ನು
ಸಿಟ್ಟು ಬರಲೇಬೇಕು. ಶ್ರಮವೇ ಮೌಲ್ಯ ಅಂತ ಮಾರ್ಕ್ಸ್ 1867ರಲ್ಲಿ ಬರೆದ. ನಾಲ್ಕೇ ವರ್ಷಕ್ಕೆ ಮೌಲ್ಯ ಗ್ರಾಹಕನ ಮನಸ್ಸಿನಲ್ಲಿದೆ ಅನ್ನುವ ಪಂಥ ಹುಟ್ಟಿತು. ಮಾರ್ಕ್ಸ್‌ಗೆ ಉತ್ತರ ಕೊಡೋಕೆ ಮಾಡಿದ ಪಂಥ ಇದು.

ನಿವೃತ್ತ ಮೇಷ್ಟ್ರು, ತುಮಕೂರು
ಈ ಮಾತು ಬಹಳ ಜನ ಹೇಳುತ್ತಾರೆ. ಇಸವಿ ಕೂಡಿ ಬರಲ್ಲ. ಜೆವನ್ಸ್ ತನ್ನ ಸಿದ್ಧಾಂತದ ಸಾರವನ್ನು 1862ರಲ್ಲೇ ಬ್ರಿಟಿಷ್ ಅಸೋಸಿಯೇಷನ್ ಸಭೆಗೆ ಕಳಿಸಿದ್ದ. ಗಾಸೆನ್ ಅನ್ನುವ ಜರ್ಮನ್ 1854ರಲ್ಲೇ ಇಳಿಮುಖ ತುಷ್ಟಿಗುಣ (ಹೆಚ್ಚು ಸಿಕ್ಕಷ್ಟೂ ಪ್ರತಿ ತುಣುಕಿನ ತೃಪ್ತಿ ಕಮ್ಮಿ ಆಗುವುದು) ಬರೆದಿದ್ದ. ಪುಸ್ತಕ ಯಾರೂ ಕೊಳ್ಳಲಿಲ್ಲ, ಬೇಜಾರಾಗಿ ಉಳಿದ ಪ್ರತಿ ವಾಪಸ್ ತಗೊಂಡ. ಇನ್ನು ಮಾರ್ಕ್ಸ್ ಬರೆದ 'ಕ್ಯಾಪಿಟಲ್' ಇಂಗ್ಲಿಷ್‌ಗೆ ಬಂದಿದ್ದೇ 1887ರಲ್ಲಿ.

ಕೆಂಪು ಪೆನ್ನು
ಹುಟ್ಟಿದ್ದು ಯಾವಾಗ ಅನ್ನುವುದು ಬಿಡಿ ಮೇಷ್ಟ್ರೇ, ಬೆಳೆಸಿದ್ದು ಯಾಕೆ ಅಂತ ನೋಡಿ. ಅಮೆರಿಕದ ಜೆ.ಬಿ. ಕ್ಲಾರ್ಕ್ 1899ರಲ್ಲಿ ಏನಂದ? ಪೈಪೋಟಿ ಇದ್ದರೆ ಕೂಲಿಯವನಿಗೆ ಅವನು ಸೇರಿಸಿದಷ್ಟು ಸಿಗುತ್ತದೆ, ಬಂಡವಾಳಕ್ಕೆ ಅದು ಸೇರಿಸಿದಷ್ಟು ಸಿಗುತ್ತದೆ. ಅಂದ್ರೆ ಯಾರಿಗೂ ಅನ್ಯಾಯ ಆಗಿಲ್ಲ, ಎಲ್ಲರೂ ಮನೆಗೆ ಹೋಗಿ. ಗಣಿತದ ಹೆಸರಲ್ಲಿ ಸಮಾಧಾನ ಪಾಠ. ಈ ಬಂಡವಾಳ ಅನ್ನುವುದನ್ನು ಯಾವ ಅಳತೆಯಲ್ಲಿ ಅಳೀತೀರಿ ಅಂತ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1953ರಲ್ಲಿ ಕೇಳಿದಳು. 1966ರಲ್ಲಿ ಈ ಪಂಥದ ದೊಡ್ಡ ಹೆಸರಾದ ಸ್ಯಾಮ್ಯುಯೆಲ್‌ಸನ್ ಅಂಥವನೇ ಸರಳ ಕಥೆ ಎಲ್ಲ ಕಡೆ ನಡೆಯಲ್ಲ ಅಂತ ಒಪ್ಪಿಕೊಂಡ. ಆದರೂ ಪಾಠ ಮಾತ್ರ ಅದೇ ನಡೀತಿದೆ.

ಎಕ್ಸೆಲ್ ಅಣ್ಣ
ಎಲ್ಲಾ ಸಂಚು ನಿಮಗೆ. ರೇಷ್ಮೆ ಸೀರೆ ಯಾಕೆ ದುಬಾರಿ ಅಂತ ಕೇಳಿದರೂ ಬಂಡವಾಳಶಾಹಿ ಅಂತೀರಿ.

ಮಂಡಿ ರೈಟರ್
ನಾನು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು. ಮಗಳೇ, ನಿಮ್ಮ ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಯಾವ ಮಂಡಿ ಅಂತ ಹೇಳಲ್ಲ, ನಡೆಯುವುದು ಹೇಳ್ತೀನಿ.

ಬೆಳಗ್ಗೆ ಗಾಡಿ ಬರುತ್ತವೆ. 15 ಕೆ.ಜಿ. ಬಾಕ್ಸ್‌ಗಳನ್ನು ರೈತನ ಹೆಸರಲ್ಲಿ ಸಾಲಾಗಿ ಜೋಡಿಸುತ್ತೇವೆ. ಕೂಗುವವನು ಒಂದೊಂದು ಲಾಟಿನ ಮುಂದೆ ನಿಂತು ಹರಾಜು ಕೂಗುತ್ತಾನೆ. ವ್ಯಾಪಾರಿ ಮೇಲಿನ ಹಣ್ಣು ಸರಿಸಿ ಕೆಳಗಿನದನ್ನು ಒತ್ತಿ ನೋಡುತ್ತಾನೆ. ಮೊದಲ ಲಾಟಿಗೆ ಒಂದು ರೇಟು. ಅರ್ಧ ಗಂಟೆ ಬಿಟ್ಟು ಅದೇ ಥರ ಹಣ್ಣಿಗೆ ಇನ್ನೊಂದು ರೇಟು, ಯಾಕಂದ್ರೆ ದೂರದ ಊರಿಗೆ ಹೋಗುವ ಲಾರಿ ತುಂಬಿಬಿಟ್ಟಿರುತ್ತದೆ. ಒಂದು ಬೆಲೆ ಅನ್ನುವುದು ಪೇಪರ್‌ನಲ್ಲಿ ಬರುವ ಸರಾಸರಿ ಅಷ್ಟೇ.

ಇನ್ನೊಂದು. ಬಹಳ ರೈತರು ಸಸಿಗೆ, ಔಷಧಿಗೆ, ಕಡ್ಡಿಗೆ ಅಂತ ಮಂಡಿಯಲ್ಲೇ ಅಡ್ವಾನ್ಸ್ ತಗೊಂಡಿರುತ್ತಾರೆ. ಅವರು ಹಣ್ಣನ್ನು ಆ ಮಂಡಿಗೇ ಹಾಕಬೇಕು. ಪಕ್ಕದ ಮಂಡಿಯಲ್ಲಿ ಬಾಕ್ಸ್‌ಗೆ ಐವತ್ತು ಜಾಸ್ತಿ ಇದ್ದರೂ ಹೋಗೋ ಹಾಗಿಲ್ಲ. ನಿನ್ನ ಡಯಾಗ್ರಾಮ್‌ನಲ್ಲಿ ಈ ಸಾಲ ಎಲ್ಲಿ ಬರೀತೀಯ?

ನಿವೃತ್ತ ಮೇಷ್ಟ್ರು, ತುಮಕೂರು
ರೈಟರ್ ಅವರೇ, ಇದು ವಾಲ್ರಾನಿಗೆ ಕೇಳಬೇಕಾದ ಪ್ರಶ್ನೆ. ಅವನ ಕಣ್ಣ ಮುಂದೆ ಇದ್ದಿದ್ದು ಪ್ಯಾರಿಸ್‌ನ ಷೇರುಪೇಟೆ. ಬೆಲೆ ಕೂಗುತ್ತಾರೆ. ಬೇಡಿಕೆ ಜಾಸ್ತಿ ಬಂದರೆ ಏರಿಸುತ್ತಾರೆ, ಕಮ್ಮಿ ಬಂದರೆ ಇಳಿಸುತ್ತಾರೆ. ಅವನ ಸಿದ್ಧಾಂತ ತಪ್ಪದೆ ನಿಲ್ಲಬೇಕಾದರೆ ಎಲ್ಲ ಪೇಟೆಗಳಲ್ಲೂ ಬೆಲೆ ಹೊಂದಿಕೊಳ್ಳುವವರೆಗೆ ಯಾರೂ ಒಂದು ಕಾಳೂ ಮಾರಬಾರದು. ನಿಮ್ಮ ಮಂಡಿಯಲ್ಲಿ ಮೊದಲ ಲಾಟು ಆಗಲೇ ಮಾರಿ ಹೋಗಿದೆ!

ಎಲ್ಲ ಪೇಟೆಯೂ ಒಟ್ಟಿಗೆ ಹೊಂದಿಕೊಳ್ಳುವ ಆ ಸಮತೋಲನ ಗಣಿತದಲ್ಲಿ ಇದೆ ಅಂತ ಕೆನೆತ್ ಆರೋ ಮತ್ತು ಜೆರಾರ್ ಡಿಬ್ರೂ ಅನ್ನುವ ಅರ್ಥಶಾಸ್ತ್ರಜ್ಞರು 1954ರಲ್ಲಿ ಸಾಧಿಸಿ ತೋರಿಸಿದರು. ದೊಡ್ಡ ಕೆಲಸ, ಇಲ್ಲ ಅನ್ನಲ್ಲ. ಆದರೆ ಇದೆ ಅನ್ನುವುದು ಬೇರೆ, ಪೇಟೆ ತಾನಾಗಿ ಅಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದು ಬೇರೆ. ಎರಡನೆಯದಕ್ಕೆ ಸಾಮಾನ್ಯ ಗ್ಯಾರಂಟಿ ಇಲ್ಲ ಅಂತ 1970ರ ದಶಕದಲ್ಲಿ ಗೊತ್ತಾಯಿತು. ಗೊತ್ತು ಮಾಡಿದ ಮೂವರಲ್ಲಿ ಅದೇ ಡಿಬ್ರೂ ಒಬ್ಬ. ನನಗೆ ಈ ಪಂಥದ ಬಗ್ಗೆ ಗೌರವ ಉಳಿದಿರುವುದು ಇಂಥದ್ದಕ್ಕೇ. ತಮ್ಮ ಮನೆಯ ಬಿರುಕನ್ನು ತಾವೇ ಅಳೆದು ತೋರಿಸಿದರು.

ಗೂಡು ಶಿಡ್ಲಘಟ್ಟ
ನಮ್ಮಲ್ಲಿ ರೇಷ್ಮೆ ಗೂಡಿಗೆ ಈಗ ಇ-ಹರಾಜು. ಗೂಡು ಕೊಂಡು ನೂಲು ತೆಗೆಯುವ ರೀಲರ್ ಮುಖ ನೋಡಬೇಕಿಲ್ಲ, ದರ ಒಪ್ಪದಿದ್ದರೆ ಬೇಡ ಅನ್ನಬಹುದು. ಹೇಳೋಕೆ ಎಷ್ಟು ಚೆಂದ. ಆದರೆ ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ಎಷ್ಟು ದಿನ ಅಂತ ಇಟ್ಕೊಳ್ಳೋದು? ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿದರೆ ನೂಲು ತುಂಡು, ಆಮೇಲೆ ಯಾವ ರೀಲರ್ರೂ ಮುಟ್ಟಲ್ಲ. ಒಪ್ಪದೆ ಇರುವ ಹಕ್ಕು ನನಗಿದೆ, ಟೈಮ್ ಇಲ್ಲ. ರೀಲರ್‌ಗೆ ಎರಡೂ ಇದೆ.

ಕೊಬ್ಬರಿ ತಿಪಟೂರು
ಕೊಬ್ಬರಿ ಹಾಗಲ್ಲ ನೋಡಿ. ಅಟ್ಟದ ಮೇಲೆ ಇದ್ದರೆ ಕಾಯಬಹುದು. ಆದರೆ ಮಗಳ ಮದುವೆ ಕಾಯಲ್ಲ.

ನಿವೃತ್ತ ಮೇಷ್ಟ್ರು, ತುಮಕೂರು
ನೀವಿಬ್ಬರೂ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಮಾರ್ಷಲ್ ಹೇಳಿದ್ದನ್ನೇ ಮಾತಾಡುತ್ತಿದ್ದೀರಿ! 1890ರ ಅವನ ಪುಸ್ತಕದಲ್ಲಿ ಟೈಮೇ ಮುಖ್ಯ ಪಾತ್ರ. ಅವನು ಕೊಟ್ಟ ಉದಾಹರಣೆ ಮೀನುಪೇಟೆಯದು. ಇವತ್ತು ದಡಕ್ಕೆ ಬಂದ ಮೀನು ಇಷ್ಟೇ, ಹಾಗಾಗಿ ಇವತ್ತಿನ ಬೆಲೆ ಪೂರ್ತಿ ಬೇಡಿಕೆ ಕೈಯಲ್ಲಿ. ಕೆಲವು ವರ್ಷ ಬಿಟ್ಟು ನೋಡಿದರೆ ಹೊಸ ದೋಣಿ, ಹೊಸ ಬಲೆ ಬಂದಿರುತ್ತವೆ, ಆಗ ಖರ್ಚು ಮಾತಾಡುತ್ತದೆ. ಬೆಲೆಗೆ ಕಾರಣ ಉಪಯೋಗವೋ ಖರ್ಚೋ ಅಂತ ಜಗಳ ಆಡುವವರಿಗೆ, ಕಾಗದ ಕತ್ತರಿಸಿದ್ದು ಕತ್ತರಿಯ ಮೇಲಿನ ಅಲಗೋ ಕೆಳಗಿನ ಅಲಗೋ ಅಂತ ಅವನೇ ಕೇಳಿದ. ರಿಕಾರ್ಡೋನನ್ನೂ ಜೆವನ್ಸ್‌ನನ್ನೂ ಒಂದೇ ಚಿತ್ರದಲ್ಲಿ ಕೂರಿಸಿದ್ದು ಹೀಗೆ. ನಮ್ಮ ಪಿಯುಸಿ ಪುಸ್ತಕಕ್ಕೆ ಬರುವಾಗ ಕತ್ತರಿ ಬಂತು, ಟೈಮ್ ಬಿಟ್ಟು ಹೋಯಿತು.

ಮಂಡಿ ರೈಟರ್
2023ರ ಜುಲೈನಲ್ಲಿ ಬಾಕ್ಸ್ 2000 ರೂಪಾಯಿ ದಾಟಿತ್ತು. ನೆನಪಿದೆಯಲ್ಲ, ಹೊಲಕ್ಕೆ ಕಾವಲು ಹಾಕಿದ್ದರು. ಅದನ್ನು ನೋಡಿ ರಾಗಿ ಹಾಕುತ್ತಿದ್ದವರೂ ಟೊಮೆಟೊ ನಾಟಿ ಮಾಡಿದರು. ಎಲ್ಲರ ಹಣ್ಣು ಒಟ್ಟಿಗೆ ಬಂದಾಗ ಕೀಳುವ ಕೂಲಿಯೂ ಹುಟ್ಟಲ್ಲ, ರಸ್ತೆ ಪಕ್ಕ ಸುರೀತಾರೆ. ಇದಕ್ಕೂ ಹೆಸರಿದೆಯಾ ಮೇಷ್ಟ್ರೇ?

ಎಂಎ ಮೊದಲ ವರ್ಷ
ಇದೆ ಅಂಕಲ್, ಕಾಬ್‌ವೆಬ್ ಅಂತಾರೆ. 1934ರಲ್ಲಿ ಕಾಲ್ಡೋರ್ ಇಟ್ಟ ಹೆಸರು. ಹೋದ ಸಲದ ಬೆಲೆ ನೋಡಿ ಈ ಸಲ ಬೆಳೆ ಹಾಕ್ತಾರೆ, ಬೆಳೆ ಬರುವಾಗ ಬೆಲೆ ಬೇರೆ ಆಗಿರುತ್ತೆ. ಗೆರೆ ಜೇಡರ ಬಲೆ ಥರ ಸುತ್ತುತ್ತದೆ. ಕೆಲವೊಮ್ಮೆ ಮಧ್ಯಕ್ಕೆ ಬಂದು ನಿಲ್ಲುತ್ತೆ, ಕೆಲವೊಮ್ಮೆ ಹೊರಗೆ ಹೋಗ್ತಾನೇ ಇರುತ್ತೆ.

ಎಕ್ಸೆಲ್ ಅಣ್ಣ
ನೋಡಿ, ನಿಯೋಕ್ಲಾಸಿಕಲ್ ಚಿತ್ರದಿಂದಲೇ ಅದನ್ನೂ ವಿವರಿಸಿದರು! ನನ್ನ ವಾದ ಇಷ್ಟೇ. ಮನುಷ್ಯ ನಿಜವಾಗಿ ಲೆಕ್ಕ ಹಾಕುತ್ತಾನೋ ಇಲ್ಲವೋ ಅದು ಬೇಡ. ಹಾಕಿದ ಹಾಗೆ ಅಂದುಕೊಂಡರೆ ಮುಂದೆ ಆಗುವುದು ಸರಿಯಾಗಿ ಹೇಳೋಕಾಗುತ್ತಾ? ಅಷ್ಟು ಸಾಕು. ಮಿಲ್ಟನ್ ಫ್ರೀಡ್‌ಮನ್ 1953ರಲ್ಲಿ ಇದನ್ನೇ ಹೇಳಿದ. ಪಳಗಿದ ಬಿಲಿಯರ್ಡ್ಸ್ ಆಟಗಾರ ಭೌತಶಾಸ್ತ್ರದ ಸಮೀಕರಣ ಬಿಡಿಸಲ್ಲ, ಆದರೆ ಬಿಡಿಸಿದವನ ಹಾಗೇ ಹೊಡೀತಾನೆ. ಈರುಳ್ಳಿ ರೇಟು ಏರಿದರೆ ಹೋಟೆಲ್‌ನಲ್ಲಿ ಈರುಳ್ಳಿ ಬದಲು ಎಲೆಕೋಸು ಬರುತ್ತೋ ಇಲ್ವೋ? ಹೋಟೆಲ್‌ನವನು ಬೆಂಥಾಮ್ ಓದಿದ್ದಾನಾ?

ಪಿಯು ಫಿಸಿಕ್ಸ್, ಚಿಂತಾಮಣಿ
ನಮ್ಮ ಸಬ್ಜೆಕ್ಟ್ ಹೆಸರು ಬಂದಿದ್ದಕ್ಕೆ ಬಂದೆ. ನೀವು ಭೌತಶಾಸ್ತ್ರದಿಂದ ಸಾಲ ತಂದವರು ಅಂತ ನಿಮಗೆ ಗೊತ್ತಾ? ಅಮೆರಿಕದ ಅರ್ವಿಂಗ್ ಫಿಶರ್ ತನ್ನ ಪಿಎಚ್‌ಡಿಯಲ್ಲಿ ಪಟ್ಟಿಯನ್ನೇ ಹಾಕಿದ್ದಾನೆ, ಭೌತಶಾಸ್ತ್ರದಲ್ಲಿ ಕಣ ಅಂದ್ರೆ ಇಲ್ಲಿ ವ್ಯಕ್ತಿ, ಅಲ್ಲಿ ಶಕ್ತಿ ಅಂದ್ರೆ ಇಲ್ಲಿ ತುಷ್ಟಿಗುಣ. ನೀರಿನ ತೊಟ್ಟಿ, ಕೊಳವೆ ಇಟ್ಟು ಯಂತ್ರವನ್ನೂ ಮಾಡಿದ. ಸಾಲ ತಂದದ್ದು ತಪ್ಪಲ್ಲ. ಆದರೆ ನಮ್ಮಲ್ಲಿ ಶಕ್ತಿ ಹುಟ್ಟಲ್ಲ, ಸಾಯಲ್ಲ, ಅದಕ್ಕೇ ಆ ಗಣಿತ ನಿಲ್ಲುವುದು. ತುಷ್ಟಿಗುಣದಲ್ಲಿ ಹಾಗೆ ಉಳಿಯುವುದು ಏನು? ಫಿಲಿಪ್ ಮಿರೋವ್‌ಸ್ಕಿ 1989ರಲ್ಲಿ ಇದನ್ನು ಹಿಡಿದೇ ಇಡೀ ಪುಸ್ತಕ ಬರೆದ. ನನಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಅಮ್ಮನ ಲೆಕ್ಕ, ಮಧುಗಿರಿ
ಇಷ್ಟು ಹೊತ್ತು ಓದಿದೆ. ಎಲ್ಲ ಕಡೆ 'ಅವನು' ಅಂತಲೇ ಇದೆ. ಒಂದು ಮನೆ ಅಂದ್ರೆ ಒಬ್ಬ ಗ್ರಾಹಕ ಅಂತ ಲೆಕ್ಕ ಹಿಡಿಯುತ್ತಾರಲ್ಲ, ಆ ಒಬ್ಬ ಯಾರು? ನಮ್ಮ ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರುವವಳು ನಾನು. ಚೀಟಿ ದುಡ್ಡು ಎತ್ತಿದಾಗ ಎಲ್ಲಿ ಖರ್ಚು ಅಂತ ತೀರ್ಮಾನ ಮಾಡುವವರು ಬೇರೆ. ಸಾರಿಗೆ ಬೇಳೆ ಎಷ್ಟು ಅಂತ ಮಾತ್ರ ನನ್ನ ತೀರ್ಮಾನ. ಎಲ್ಲ ಸೇರಿಸಿ ಒಂದೇ ಗೆರೆ ಎಳೆದರೆ ನನ್ನ ತುಷ್ಟಿಗುಣ ಎಲ್ಲಿ ಹೋಯ್ತು?

ನಿವೃತ್ತ ಮೇಷ್ಟ್ರು, ತುಮಕೂರು
ತಾಯೀ, ಇದೇ ಪ್ರಶ್ನೆ ಸ್ತ್ರೀವಾದಿ ಅರ್ಥಶಾಸ್ತ್ರಜ್ಞೆಯರು ಗ್ಯಾರಿ ಬೆಕರ್‌ಗೆ ಕೇಳಿದರು. 1981ರ ಪುಸ್ತಕದಲ್ಲಿ ಅವನು ಕುಟುಂಬಕ್ಕೆ ಒಬ್ಬ ಉದಾರಿ ಯಜಮಾನನನ್ನು ಇಟ್ಟು ಲೆಕ್ಕ ಮುಗಿಸಿದ್ದ.

ಅಮ್ಮನ ಲೆಕ್ಕ, ಮಧುಗಿರಿ
ಉದಾರಿ! ವಿಳಾಸ ಕೊಡಿ, ಹೋಗಿ ಮಾತಾಡಿಸಿಕೊಂಡು ಬರ್ತೀನಿ.

ಗೂಡು ಶಿಡ್ಲಘಟ್ಟ
😂😂

ಎಂಎ ಮೊದಲ ವರ್ಷ
ಆಂಟಿ, ನಿಮ್ಮ ಮಾತಿನಿಂದ ಒಂದು ಡೌಟು. ನಿಮ್ಮ ತುಷ್ಟಿಯನ್ನೂ ಅಂಕಲ್ ತುಷ್ಟಿಯನ್ನೂ ಹೋಲಿಸಿ ನೋಡಬಹುದು ಅಂತ ಬೆಂಥಾಮ್ ಒಪ್ಪುತ್ತಿದ್ದ. ಈಗಿನ ಪುಸ್ತಕಗಳು ಒಪ್ಪಲ್ಲ. ನಡುವೆ ಏನಾಯ್ತು?

ನಿವೃತ್ತ ಮೇಷ್ಟ್ರು, ತುಮಕೂರು
ಈಗ ನಿನ್ನ ಮೊದಲ ಪ್ರಶ್ನೆಯ ಹೊಟ್ಟೆಗೆ ಕೈ ಹಾಕಿದೆ. ನಡುವೆ ಆಗಿದ್ದು ದೊಡ್ಡ ಪಲ್ಲಟ, ಪಾಠದಲ್ಲಿ ಅದಕ್ಕೆ ಒಂದು ಪುಟವೂ ಇಲ್ಲ.

1881ರಲ್ಲಿ ಎಜ್‌ವರ್ತ್ ಸುಖ ಅಳೆಯುವ ಮೀಟರ್ ಒಂದನ್ನು ಕಲ್ಪಿಸಿಕೊಂಡಿದ್ದ. ಜ್ವರ ಅಳೆದ ಹಾಗೆ ಕ್ಷಣಕ್ಷಣಕ್ಕೂ ಸುಖ ಅಳೆಯುವುದು. ಅಂಥ ಮೀಟರ್ ಬರಲಿಲ್ಲ. 1906ರಲ್ಲಿ ಪರೇಟೋ ಅಳತೆಯೇ ಬೇಡ ಅಂದ. ಕಾಫಿಗಿಂತ ಟೀ ಇಷ್ಟ ಅನ್ನುವ ಕ್ರಮ ಗೊತ್ತಾದರೆ ಸಾಕು, ಎಷ್ಟು ಇಷ್ಟ ಅಂತ ಕೇಳಬೇಕಿಲ್ಲ. 1938ರಲ್ಲಿ ಸ್ಯಾಮ್ಯುಯೆಲ್‌ಸನ್ ಮನಸ್ಸಿನ ಮಾತೇ ಬೇಡ, ಅಂಗಡಿಯಲ್ಲಿ ಏನು ಆರಿಸಿದ ಅಷ್ಟು ನೋಡಿ ಅಂದ. ಹೀಗೆ ಸುಖದ ಮೇಲೆ ಕಟ್ಟಿದ ಮನೆಯಿಂದ ಸುಖವನ್ನೇ ಮೆಲ್ಲಗೆ ಹೊರಗೆ ಕಳಿಸಿದರು. ಗೋಡೆ, ಕಿಟಕಿ ಎಲ್ಲ ಹಾಗೇ ಉಳಿಯಿತು.

ನಿಜವಾದ ಪೆಟ್ಟು 1932ರಲ್ಲಿ ರಾಬಿನ್ಸ್ ಕೊಟ್ಟಿದ್ದು. ಅರ್ಥಶಾಸ್ತ್ರ ಅಂದ್ರೆ ಬೇಕುಗಳು ಮತ್ತು ಬೇರೆ ಬೇರೆ ಕೆಲಸಕ್ಕೆ ಬಳಸಬಹುದಾದ ವಿರಳ ಸಾಧನಗಳ ನಡುವಿನ ಮನುಷ್ಯ ನಡವಳಿಕೆಯ ಶಾಸ್ತ್ರ ಅಂತ ಅವನ ವ್ಯಾಖ್ಯಾನ. ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. ಅದೇ ಪುಸ್ತಕದಲ್ಲಿ ಅವನು ಇನ್ನೊಂದು ಹೇಳಿದ: ಒಬ್ಬನ ತೃಪ್ತಿಯನ್ನು ಇನ್ನೊಬ್ಬನ ತೃಪ್ತಿ ಜೊತೆ ಹೋಲಿಸುವುದಕ್ಕೆ ವಿಜ್ಞಾನದಲ್ಲಿ ಜಾಗ ಇಲ್ಲ. ಅದಕ್ಕೂ ಮೊದಲು 1920ರಲ್ಲಿ ಪಿಗೂ, ಉಳ್ಳವನಿಂದ ಇಲ್ಲದವನಿಗೆ ಆದಾಯ ಹೋದರೆ ಒಟ್ಟು ತೃಪ್ತಿ ಹೆಚ್ಚುತ್ತದೆ ಅಂತ ಬರೆದಿದ್ದ. ಅದೂ ಇಳಿಮುಖ ತುಷ್ಟಿಗುಣದಿಂದಲೇ ಬಂದ ಮಾತು! ರಾಬಿನ್ಸ್ ಆ ಬಾಗಿಲು ಹಾಕಿದ. ಇದು ಲೆಕ್ಕದಿಂದ ಬಂದ ತೀರ್ಮಾನ ಅಲ್ಲ, ತತ್ವದ ಆಯ್ಕೆ. ಊಹೆಗಳು ಅಂತ ನಾಲ್ಕು ಸಾಲಿನಲ್ಲಿ ಅಡಗಿ ಕೂತಿರುವುದು ಇಂಥ ಆಯ್ಕೆಗಳೇ.

ಅಮ್ಮನ ಲೆಕ್ಕ, ಮಧುಗಿರಿ
ಅಂದ್ರೆ ತಿಂಗಳಿಗೆ ಬರುವ ಗೃಹಲಕ್ಷ್ಮಿ 2000 ರೂಪಾಯಿ ನನಗೆ ಎಷ್ಟು, ಕಾರಿನಲ್ಲಿ ಓಡಾಡುವವರಿಗೆ ಎಷ್ಟು ಅಂತ ಹೇಳೋಕೆ ಶಾಸ್ತ್ರಕ್ಕೆ ಬರಲ್ಲ. ನನಗೆ ಬರುತ್ತೆ.

ಎಕ್ಸೆಲ್ ಅಣ್ಣ
ಆ 2000 ಯಾರ ಟ್ಯಾಕ್ಸ್ ಅಂತಲೂ ಲೆಕ್ಕ ಹಾಕಿ ಮೇಡಂ.

ಕೆಂಪು ಪೆನ್ನು
ಬೆಂಕಿಪೊಟ್ಟಣಕ್ಕೂ ಟ್ಯಾಕ್ಸ್ ಕಟ್ಟುತ್ತಾರೆ ಅವರು.

ಅಡ್ಮಿನ್
ಗ್ಯಾರಂಟಿ ಯೋಜನೆ ಜಗಳ ಇಲ್ಲಿ ಬೇಡ.

ಕೊಬ್ಬರಿ ತಿಪಟೂರು
ಜಗಳ ಅಲ್ಲ ಸ್ವಾಮಿ, ವಿಷಯ. ಬೆಂಬಲ ಬೆಲೆ ಕೇಳುವ ರೈತ ಏನು ಕೇಳ್ತಾನೆ? ಖರ್ಚಿನ ಮೇಲೆ ಬೆಲೆ ಕಟ್ಟಿ ಅಂತ. ಸ್ವಾಮಿನಾಥನ್ ಆಯೋಗ ಹೇಳಿದ್ದೂ ಅದೇ, ಖರ್ಚಿನ ಮೇಲೆ ಕನಿಷ್ಠ ಶೇ. 50 ಸೇರಿಸಿ. ಅದು ರಿಕಾರ್ಡೋ ಕಡೆಯ ಮಾತು. ದಿನದ ರೇಟು ಇಷ್ಟೇ, ನಿನ್ನ ಖರ್ಚು ನಿನ್ನ ಹಣೆಬರಹ ಅನ್ನುವುದು ಜೆವನ್ಸ್ ಕಡೆಯ ಮಾತು. 2024ಕ್ಕೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12000 ಬೆಂಬಲ ಬೆಲೆ ಇಟ್ಟರು. ಅದಕ್ಕೆ ನಾವು ಕ್ಯೂ ನಿಂತು ಒದ್ದಾಡಿದ್ದೇ ಒದ್ದಾಡಿದ್ದು. ಮರುವರ್ಷ ಪೇಟೆ ರೇಟೇ ಅದಕ್ಕಿಂತ ಎಷ್ಟೋ ಮೇಲೆ ಹೋಯ್ತು. ಆಗ ನಾವೂ ಜೆವನ್ಸ್ ಪಾರ್ಟಿ!

ಮಂಡಿ ರೈಟರ್
ಟೊಮೆಟೊಗೆ ಬೆಂಬಲ ಬೆಲೆಯೂ ಇಲ್ಲ. ನಮಗೆ ಯಾವ ಪಾರ್ಟಿನೂ ಇಲ್ಲ.

ಅಂತರಗಂಗೆ
ಒಂದು ಸಣ್ಣ ಮಾಹಿತಿ. 'ನಿಯೋಕ್ಲಾಸಿಕಲ್' ಅಂತ ಹೆಸರಿಟ್ಟಿದ್ದು ಆ ಪಂಥದವರಲ್ಲ. 1900ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್, ಅದೂ ಟೀಕೆ ಮಾಡುತ್ತಾ. ಎರಡು ವರ್ಷ ಮುಂಚೆ ಇದೇ ಲೆಕ್ಕದ ಮನುಷ್ಯನನ್ನು, ಸುಖ-ದುಃಖವನ್ನು ಮಿಂಚಿನ ಹಾಗೆ ಲೆಕ್ಕ ಹಾಕುವ ಯಂತ್ರ ಅಂತ ಆಡಿಕೊಂಡಿದ್ದ. ಹಿಂದುಮುಂದಿಲ್ಲ, ಊರಿಲ್ಲ, ಅಭ್ಯಾಸ ಇಲ್ಲ, ಬರೀ ಬಯಕೆಯ ಉಂಡೆ. ಹಾಗಾಗಿ ಬೇಡ ಅಂದವರು ಆಗಲೇ ಇದ್ದರು.

ನಮ್ಮ ದೇಶದಲ್ಲೂ ಇದ್ದರು. 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ರಾನಡೆ ಮಾಡಿದ ಭಾಷಣ ಓದಿ. ಇಂಗ್ಲಿಷ್ ಪುಸ್ತಕದ ಊಹೆಗಳನ್ನು ಒಂದೊಂದೇ ಹೆಸರಿಸಿ, ಇವು ನಮ್ಮ ಸಮಾಜಕ್ಕೆ ಕೂರಲ್ಲ, ಇಲ್ಲಿ ಕುಟುಂಬ ಮತ್ತು ಜಾತಿಯ ಬಲ ವ್ಯಕ್ತಿಗಿಂತ ದೊಡ್ಡದು ಅಂದರು. ಹಳೇ ಪಂಥಕ್ಕೆ ಅಂದ ಮಾತು ಅದು, ಹೊಸದಕ್ಕೂ ಅಂಟುತ್ತದೆ.

ನಂದಿ ತಪ್ಪಲು
ರಾನಡೆ ಯಾಕೆ ಸಾರ್, ನಮ್ಮ ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರೇ 1934ರಲ್ಲಿ ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕು ಅಂತ ಪುಸ್ತಕ ಬರೆದರು. ಪೇಟೆಗೆ ಬಿಟ್ಟರೆ ಆಗಲ್ಲ ಅಂತ ಎಂಜಿನಿಯರ್‌ಗೆ ಗೊತ್ತಿತ್ತು.

ಎಕ್ಸೆಲ್ ಅಣ್ಣ
ಎಲ್ಲದಕ್ಕೂ ಸರ್ ಎಂವಿ ತರ್ತೀರಲ್ಲ. ಯೋಜನೆ ಬೇರೆ, ಈ ಸಿದ್ಧಾಂತ ಬೇರೆ. ಒಂದಕ್ಕೊಂದು ವಿರೋಧ.

ಅಂತರಗಂಗೆ
ವಿರೋಧ ಅಂತ ಅಷ್ಟು ಬೇಗ ಹೇಳಬೇಡಿ. ಪೋಲೆಂಡಿನ ಆಸ್ಕರ್ ಲಾಂಗೆ 1930ರ ದಶಕದಲ್ಲಿ ವಾಲ್ರಾನ ಸಮೀಕರಣ ಇಟ್ಟುಕೊಂಡೇ ಸಮಾಜವಾದ ನಡೆಸಬಹುದು ಅಂದ. ಬೆಲೆ ಕೂಗುವ ಕೆಲಸ ಯೋಜನಾ ಮಂಡಳಿ ಮಾಡುತ್ತದೆ, ಸರಕು ಉಳಿದರೆ ಇಳಿಸುತ್ತದೆ, ಕೊರತೆ ಬಂದರೆ ಏರಿಸುತ್ತದೆ. ಇನ್ನು ವಾಲ್ರಾ ಸ್ವತಃ ಭೂಮಿ ಪೂರ್ತಿ ಸರ್ಕಾರದ್ದಾಗಬೇಕು ಅನ್ನುತ್ತಿದ್ದವನು.

ಎಕ್ಸೆಲ್ ಅಣ್ಣ
ವಾಲ್ರಾ? ಭೂಮಿ ರಾಷ್ಟ್ರೀಕರಣ? ಎಲ್ಲಿ ಬರೆದಿದ್ದಾನೆ?

ಅಂತರಗಂಗೆ
ಸಮಾಜ ಅರ್ಥಶಾಸ್ತ್ರದ ಬಗ್ಗೆ ಬರೆದ ಲೇಖನಗಳಲ್ಲಿ, 1896ರಲ್ಲಿ ಪುಸ್ತಕ ಆಗಿ ಬಂತು. ಸರ್ಕಾರ ಭೂಮಿ ಕೊಂಡು ಗೇಣಿಗೆ ಕೊಡಲಿ, ಆ ಗೇಣಿ ದುಡ್ಡಲ್ಲಿ ಆಡಳಿತ ನಡೆಸಲಿ, ಕೂಲಿಯ ಮೇಲೆ ತೆರಿಗೆ ಬೇಡ.

ಕೆಂಪು ಪೆನ್ನು
ಕೂಲಿಯ ಮೇಲೆ ತೆರಿಗೆ ಬೇಡ! ಎಕ್ಸೆಲ್ ಅಣ್ಣ, ನಿಮ್ಮ ಪಾರ್ಟಿ ಸ್ಥಾಪಕರು ನಮ್ಮ ಕಡೆ ಬಂದ್ರು ನೋಡಿ.

ಎಕ್ಸೆಲ್ ಅಣ್ಣ
ಬರಲಿ ಬಿಡಿ, ಸಮೀಕರಣ ನಮ್ಮ ಹತ್ರಾನೇ ಇದೆ.

ಮಂಡಿ ರೈಟರ್
ಸರ್ಕಾರ ಭೂಮಿ ತಗೊಂಡ್ರೆ ಅಡ್ವಾನ್ಸ್ ಯಾರ ಹತ್ರ ವಸೂಲಿ ಮಾಡೋದು ಅಂತ ನಮ್ಮ ಯಜಮಾನರು ಕೇಳ್ತಿದ್ದಾರೆ.